ದೂಳು ಹೆಚ್ಚೋ, ಹೊಗೆ ಹೆಚ್ಚೋ: ಬೆಂಗಳೂರಿನ ಗಾಳಿ ಕೆಡಿಸುವ ಮೂಲಗಳ ಹೋಲಿಕೆ

ಬೆಂಗಳೂರಿನ ಗಾಳಿ ಕೆಡಲು ಕಾರಣಗಳೇನು ಎಂಬ ಪ್ರಶ್ನೆಗೆ ವಾಹನ, ರಸ್ತೆ ದೂಳು, ಕಟ್ಟಡ ಕೆಲಸ, ಕಸ ಸುಡುವುದು, ಡೀಸೆಲ್ ಜನರೇಟರ್, ಕಾರ್ಖಾನೆ ಎಂದು ಪಟ್ಟಿ ಬರೆಯುವುದು ಸುಲಭ. ಇವುಗಳಲ್ಲಿ ಯಾವುದು ಮೊದಲು ಎಂದು ಕೇಳಿದಾಗ ಎಡವುತ್ತೇವೆ. ಕಣಗಳ ತೂಕವನ್ನು ನೋಡಿದರೆ ಒಂದು ಕ್ರಮ ಬರುತ್ತದೆ, ಮೈಗೆ ಆಗುವ ಹಾನಿಯನ್ನು ನೋಡಿದರೆ ಇನ್ನೊಂದು. ಈ ಟಿಪ್ಪಣಿ ಆ ವ್ಯತ್ಯಾಸದ ಬಗ್ಗೆ.

ಕಣದ ಗಾತ್ರ

ಪಿಎಂ 10 ಎಂದರೆ ಗಾಳಿಯಲ್ಲಿ ತೇಲುವ, 10 ಮೈಕ್ರಾನ್‌ಗಿಂತ ಸಣ್ಣ ಕಣಗಳೆಲ್ಲ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಪಿಎಂ 2.5 ಅದರೊಳಗಿನದೇ ಒಂದು ಭಾಗ, ಬೇರೆ ವಸ್ತುವಲ್ಲ. ಆದ್ದರಿಂದ ಎರಡನ್ನೂ ಕೂಡಿಸಬಾರದು. ಸಾಂದ್ರತೆ ಒಂದೇ ಆಗಿದ್ದರೆ 10 ಮೈಕ್ರಾನ್‌ನ ಒಂದು ಕಣ 2.5 ಮೈಕ್ರಾನ್‌ನ 64 ಕಣಗಳಷ್ಟು ತೂಗುತ್ತದೆ (4×4×4). ಆದರೆ ಆ 64 ಕಣಗಳ ಒಟ್ಟು ಮೇಲ್ಮೈ ದೊಡ್ಡ ಕಣದ ಮೇಲ್ಮೈಗಿಂತ ನಾಲ್ಕು ಪಟ್ಟು. ಲೋಹ, ಟಾರಿನಂಥ ವಿಷಗಳು ಅಂಟಿಕೊಳ್ಳುವುದು ಮೇಲ್ಮೈಗೇ.

ದೂಳಿನಂಥ ದಪ್ಪ ಕಣಗಳು ಹೆಚ್ಚಾಗಿ ಮೂಗು, ಗಂಟಲು, ದೊಡ್ಡ ಶ್ವಾಸನಾಳಗಳಲ್ಲೇ ನಿಂತು ಕೆಮ್ಮು, ಅಲರ್ಜಿ ತರುತ್ತವೆ, ಆಸ್ತಮಾ ಕೆರಳಿಸುತ್ತವೆ. ಸಣ್ಣವು ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿಯುತ್ತವೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಹೃದಯಾಘಾತ, ಪಾರ್ಶ್ವವಾಯು, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ), ಶ್ವಾಸಕೋಶದ ಕ್ಯಾನ್ಸರ್, ಕಡಿಮೆ ತೂಕದ ಮಗು ಹುಟ್ಟುವುದು, ಇವೆಲ್ಲಕ್ಕೂ ಪಿಎಂ 2.5 ಜೊತೆ ಗಟ್ಟಿ ನಂಟಿದೆ. ಡೀಸೆಲ್ ಹೊಗೆಯ ಕಣಗಳಲ್ಲಿ ಹೆಚ್ಚಿನವು 1 ಮೈಕ್ರಾನ್‌ಗಿಂತ ಸಣ್ಣವು. 2012ರಲ್ಲಿ ಡೀಸೆಲ್ ಹೊಗೆಯನ್ನೂ 2013ರಲ್ಲಿ ಹೊರಾಂಗಣದ ಮಲಿನ ಗಾಳಿಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ, ಅಂದರೆ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ, ಸೇರಿಸಿತು.

ಒಂದು ಲೆಕ್ಕ

ಒಂದು ದಿನದ ಸರಾಸರಿ ಪಿಎಂ 10 ಘನ ಮೀಟರಿಗೆ 110 ಮೈಕ್ರೋಗ್ರಾಂ, ಪಿಎಂ 2.5 45 ಮೈಕ್ರೋಗ್ರಾಂ ಎಂದಿಟ್ಟುಕೊಳ್ಳಿ. ನಮ್ಮ ದೇಶದ ಎಕ್ಯೂಐ (ಗಾಳಿ ಗುಣಮಟ್ಟ ಸೂಚ್ಯಂಕ) ಸೂತ್ರದಲ್ಲಿ ಪಿಎಂ 10ರ ಉಪಸೂಚ್ಯಂಕ (ಆ ಒಂದು ಮಾಲಿನ್ಯಕ್ಕಷ್ಟೇ ಕೊಡುವ ಅಂಕ) ಸುಮಾರು 107, ಪಿಎಂ 2.5ರದ್ದು ಸುಮಾರು 75. ಎಕ್ಯೂಐ ಸರಾಸರಿಯಲ್ಲ, ಉಪಸೂಚ್ಯಂಕಗಳಲ್ಲಿ ದೊಡ್ಡದು. ಹಾಗಾಗಿ ಪರದೆಯ ಮೇಲೆ 107 ಕಾಣುತ್ತದೆ, ತಪ್ಪಿತಸ್ಥ ದೂಳು ಎನಿಸುತ್ತದೆ. ಭಾರತದ ದಿನದ ಮಿತಿಗಳೂ (ಪಿಎಂ 10ಕ್ಕೆ 100, ಪಿಎಂ 2.5ಕ್ಕೆ 60) ಹಾಗೇ ಹೇಳುತ್ತವೆ. ಈಗ ವಿಶ್ವ ಆರೋಗ್ಯ ಸಂಸ್ಥೆಯ 2021ರ ದಿನದ ಮಾರ್ಗಸೂಚಿ ತೆಗೆದುಕೊಳ್ಳಿ: ಪಿಎಂ 10ಕ್ಕೆ 45, ಪಿಎಂ 2.5ಕ್ಕೆ 15. ಪಿಎಂ 10 ಸುಮಾರು ಎರಡೂವರೆ ಪಟ್ಟು ಮೀರಿದರೆ ಪಿಎಂ 2.5 ಪೂರ್ತಿ ಮೂರು ಪಟ್ಟು ಮೀರಿದೆ. ಅದೇ ಗಾಳಿ, ಆದರೆ ಆರೋಪಿ ಬದಲಾದ. ಪಿಎಂ 10 ಒಂದನ್ನೇ ಗುರಿಯಾಗಿಟ್ಟುಕೊಂಡ ಯೋಜನೆ ರಸ್ತೆ ಗುಡಿಸುವುದರಲ್ಲೇ ನಿಂತುಬಿಡುವ ಅಪಾಯ ಇಲ್ಲಿದೆ.

ಕಣಗಳ ಎಕ್ಯೂಐ 24 ಗಂಟೆಗಳ ಸರಾಸರಿಯಿಂದ ಬರುತ್ತದೆ ಎಂಬುದನ್ನೂ ಮರೆಯಬೇಡಿ. ಬೆಳಗಿನ ಟ್ರಾಫಿಕ್‌ನ ಉಬ್ಬರ ಅದರಲ್ಲಿ ಕರಗಿಹೋಗುತ್ತದೆ. ಬೇಕಾದರೆ ಹೆಬ್ಬಾಳ, ಸಿಲ್ಕ್ ಬೋರ್ಡ್, ಪೀಣ್ಯ ಕೇಂದ್ರಗಳ ಗಂಟೆವಾರು ಅಂಕಿ ನೋಡಿ.

ಯಾವುದು ಎಲ್ಲಿಂದ ಬಂತು ಎಂದು ತಿಳಿಯುವುದು

ಎರಡು ದಾರಿಗಳಿವೆ. ಒಂದು, ಎಷ್ಟು ವಾಹನ, ಎಷ್ಟು ಕಿಲೋಮೀಟರ್, ಎಷ್ಟು ಡೀಸೆಲ್ ಎಂದು ಕೆಳಗಿನಿಂದ ಲೆಕ್ಕ ಕಟ್ಟುವುದು. ಇನ್ನೊಂದು, ಫಿಲ್ಟರ್‌ನಲ್ಲಿ ಕಣ ಹಿಡಿದು ರಾಸಾಯನಿಕ ಗುರುತು ಹುಡುಕುವುದು. ಸಿಲಿಕಾನ್, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಸಿಕ್ಕರೆ ಮಣ್ಣು ಮತ್ತು ಕಟ್ಟಡ ದೂಳು. ಕಪ್ಪು ಇಂಗಾಲ ಹೆಚ್ಚಿದ್ದರೆ ಡೀಸೆಲ್. ಪೊಟ್ಯಾಸಿಯಂ ಇದ್ದರೆ ಸೌದೆ, ಎಲೆ. ಕ್ಲೋರಿನ್ ಇದ್ದರೆ ಪ್ಲಾಸ್ಟಿಕ್ ಬೆರೆತ ಕಸ. ತಾಮ್ರ, ಬೇರಿಯಂ ಇದ್ದರೆ ಬ್ರೇಕ್ ಸವೆತ. ಒಂದೇ ಗುರುತನ್ನು ನಂಬಿ ತೀರ್ಪು ಕೊಡಬೇಡಿ, ಸೌದೆಯಿಂದಲೂ ಕಪ್ಪು ಇಂಗಾಲ ಬರುತ್ತದೆ.

ಮೊದಲ ದಾರಿಯ ಕೊರತೆ ದೊಡ್ಡದು. ಹೊಗೆಯಲ್ಲಿ ಅನಿಲವಾಗಿ ಹೊರಟ ನೈಟ್ರೋಜನ್ ಆಕ್ಸೈಡ್, ಸಲ್ಫರ್ ಡೈಆಕ್ಸೈಡ್‌ಗಳು ಗಾಳಿಯಲ್ಲಿ ಅಮೋನಿಯಾ ಜೊತೆ ಸೇರಿ ನೈಟ್ರೇಟ್, ಸಲ್ಫೇಟ್ ಕಣಗಳಾಗುತ್ತವೆ. ನೇರ ಕಣಗಳನ್ನು ಮಾತ್ರ ಕೂಡಿಸಿದ ಪಟ್ಟಿಯಲ್ಲಿ ಇವು ಇರುವುದೇ ಇಲ್ಲ, ವಾಹನದ ಪಾಲು ಕಡಿಮೆ ಕಾಣುತ್ತದೆ. ಎರಡು ವರದಿಗಳ ಶೇಕಡಾವಾರು ಹೋಲಿಸುವ ಮುನ್ನ ಪಿಎಂ 10ರದ್ದೋ 2.5ರದ್ದೋ, ಹೊರಸೂಸಿದ ಪಾಲೋ ಗಾಳಿಯಲ್ಲಿ ಸಿಕ್ಕ ಪಾಲೋ ಎಂದು ನೋಡಲೇಬೇಕು.

ಅನಿಲಗಳ ಬಗ್ಗೆ ಚುಟುಕಾಗಿ: ನೈಟ್ರೋಜನ್ ಡೈಆಕ್ಸೈಡ್ ಶ್ವಾಸನಾಳ ಊದಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಓಝೋನ್ ಯಾವ ಕೊಳವೆಯಿಂದಲೂ ಬರದು, ಬಿಸಿಲಿನಲ್ಲಿ ತಯಾರಾಗುತ್ತದೆ. ಟ್ರಾಫಿಕ್ ದಟ್ಟವಾಗಿರುವಲ್ಲಿ ನೈಟ್ರಿಕ್ ಆಕ್ಸೈಡ್ ಅದನ್ನು ತಿಂದುಹಾಕುವುದರಿಂದ ಜಂಕ್ಷನ್‌ಗಿಂತ ಊರ ಅಂಚಿನಲ್ಲಿ ಹೆಚ್ಚಾಗಬಹುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ವಾಹನ ಹೊಗೆಗೆ ಭಾರತದ ಮಾನದಂಡ) ಇಂಧನದಲ್ಲಿ ಗಂಧಕ (ಸಲ್ಫರ್) 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಭಾಗ) 10ಕ್ಕೆ ಇಳಿದಿದೆ.

ಎಷ್ಟು ಉಸಿರಿಗೆ ಸೇರುತ್ತದೆ

ಮೂಲದ ಗಾತ್ರಕ್ಕಿಂತ ಅದು ಮೂಗಿಗೆ ಎಷ್ಟು ಹತ್ತಿರ ಎಂಬುದು ಮುಖ್ಯ. ಲೆಕ್ಕಕ್ಕೆಂದು ಊಹಿಸಿ: ದಿನಕ್ಕೆ 2 ಗಂಟೆ ಟ್ರಾಫಿಕ್‌ನಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಕಣ, ಗಂಟೆಗೆ 0.6 ಘನ ಮೀಟರ್ ಉಸಿರು, ಒಟ್ಟು 120 ಮೈಕ್ರೋಗ್ರಾಂ. ಉಳಿದ 22 ಗಂಟೆ 30 ಮೈಕ್ರೋಗ್ರಾಂ, ಗಂಟೆಗೆ 0.5 ಘನ ಮೀಟರ್, ಒಟ್ಟು 330. ದಿನದ ಶೇ 8ರಷ್ಟು ಸಮಯದಲ್ಲಿ ಶೇ 27ರಷ್ಟು ಡೋಸ್. ಟ್ರಾಫಿಕ್ ಪೊಲೀಸರು, ಆಟೊ ಚಾಲಕರು, ಬೀದಿ ವ್ಯಾಪಾರಿಗಳು ಎಂಟು ಹತ್ತು ಗಂಟೆ ಅಲ್ಲೇ ಇರುತ್ತಾರೆ. ಒಣ ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ, ಕಲ್ಲು ಕೊಯ್ಯುವ ಕೂಲಿಗಳಿಗೆ ದೂಳೇ ಮೊದಲ ಶತ್ರು, ಸಿಲಿಕಾ ಶ್ವಾಸಕೋಶವನ್ನು ಗಡಸಾಗಿಸುತ್ತದೆ. ನಗರದ ಸರಾಸರಿ ಇವರ ಪಾಲಿನ ಗಾಳಿಯನ್ನು ತೋರಿಸುವುದಿಲ್ಲ.

ಜನರೇಟರ್ ಕೂಡ ಹೀಗೇ. ಊರಿನ ಲೆಕ್ಕದಲ್ಲಿ ಚಿಕ್ಕದು, ಅಪಾರ್ಟ್‌ಮೆಂಟ್‌ನ ಮೊದಲ ಮಹಡಿಗೆ ದೊಡ್ಡದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರದಂತೆ ಹೊಗೆಕೊಳವೆ ಕಟ್ಟಡದ ಎತ್ತರಕ್ಕಿಂತ, ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ಸಂಖ್ಯೆಯ ವರ್ಗಮೂಲದ 0.2ರಷ್ಟು ಮೀಟರ್ ಮೇಲಿರಬೇಕು: 100 ಕೆವಿಎಗೆ 2 ಮೀಟರ್, 400ಕ್ಕೆ 4. ಕೊಳವೆ ಬೇಸ್‌ಮೆಂಟ್ ಕಿಟಕಿಯಲ್ಲೇ ಮುಗಿದರೆ ಹೊಗೆ ಮನೆಗಳಿಗೇ ನುಗ್ಗುತ್ತದೆ.

ಎನ್95 ಮಾಸ್ಕ್ 0.3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯುತ್ತದೆ, ಕೆನ್ನೆಗೆ ಬಿಗಿಯಾಗಿ ಕೂತಿದ್ದರೆ ಮಾತ್ರ. ಅನಿಲಗಳನ್ನು ಅದು ತಡೆಯುವುದಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆ ತಣ್ಣನೆಯ ಗಾಳಿ ಹೊಗೆಯನ್ನು ನೆಲದ ಹತ್ತಿರ ಹಿಡಿದಿಡುವುದರಿಂದ, ಆಸ್ತಮಾ ಇರುವವರು ದೊಡ್ಡ ರಸ್ತೆ ಬದಿಯ ನಡಿಗೆಯನ್ನು ಬಿಸಿಲೇರಿದ ಮೇಲೆ, ಒಳರಸ್ತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.