ಮಜ್ಜಿಗೆ ಮಾರಾಟದ ಪ್ರಾಜೆಕ್ಟ್ ಮತ್ತು ಬ್ಯಾಕ್‌ವರ್ಡ್ ಚೈನಿಂಗ್: ವಿಶೇಷ ಶಿಕ್ಷಣದ ಟಿಪ್ಪಣಿ

ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರತಿಪಾದಿಸಿದ ಯೋಜನಾ ಪದ್ಧತಿಯ (ಪ್ರಾಜೆಕ್ಟ್ ಮೆಥಡ್) ತಿರುಳು, ಮಗು ಮನಃಪೂರ್ವಕವಾಗಿ ತೊಡಗುವ ಉದ್ದೇಶಪೂರ್ಣ ಚಟುವಟಿಕೆ. ವಿಶೇಷ ಶಿಕ್ಷಣದ ತರಗತಿಯಲ್ಲಿ ಏಳುವ ಪ್ರಶ್ನೆ ಇದು: ಗುಂಪು ಸೇರಿ ಮಾಡುವ ಒಂದೇ ಕೆಲಸದೊಳಗೆ ಪ್ರತಿ ಮಗುವಿನ ಐಇಪಿ (ಆ ಮಗುವಿಗಾಗಿಯೇ ರೂಪಿಸಿದ ವೈಯಕ್ತಿಕ ಶಿಕ್ಷಣ ಯೋಜನೆ) ಗುರಿ ಕಳೆದುಹೋಗದಂತೆ ನೋಡಿಕೊಳ್ಳುವುದು ಹೇಗೆ?

ಬೌದ್ಧಿಕ ಅಸಾಮರ್ಥ್ಯವುಳ್ಳ ಮಕ್ಕಳು ಶಾಲೆಯ ಕ್ರೀಡಾದಿನದಂದು ಮಜ್ಜಿಗೆ ಮಾರುತ್ತಾರೆ ಎಂದುಕೊಳ್ಳೋಣ. ಮಾರಾಟವು ಪ್ರಾಜೆಕ್ಟಿನ ಗುರಿಯೇ ಹೊರತು ಮಗುವಿನ ಗುರಿಯಲ್ಲ. ಒಂದು ಮಗುವಿಗೆ ನೋಟು ಗುರುತಿಸುವುದು ಗುರಿಯಾದರೆ, ಇನ್ನೊಂದಕ್ಕೆ ತಾನಾಗಿ ಮಾತು ಆರಂಭಿಸುವುದು ಗುರಿಯಾಗಿರುತ್ತದೆ. ‘ಹಣದ ಪರಿಚಯ’ ಎಂದು ಬರೆದರೆ ಅಳೆಯಲಾಗದು. ‘10 ಮತ್ತು 20 ರೂಪಾಯಿಯ ನೋಟುಗಳನ್ನು ಮುಂದಿಟ್ಟಾಗ, ಕೇಳಿದ ನೋಟನ್ನು 5ರಲ್ಲಿ 4 ಬಾರಿ ಸಹಾಯವಿಲ್ಲದೆ ಎತ್ತಿಕೊಡುವುದು’ ಎಂದು ಬರೆಯಬೇಕು.

ಬಹಳ ಗೊಂದಲವಾಗುವುದು, ಕೆಲಸವನ್ನು ಹಂತಗಳಾಗಿ ಬಿಡಿಸಿ ಕೊನೆಯ ಹಂತದಿಂದ ಹಿಂದಕ್ಕೆ ಕಲಿಸುತ್ತಾ ಬರುವ ಬ್ಯಾಕ್‌ವರ್ಡ್ ಚೈನಿಂಗ್‌ನಲ್ಲಿ. ಕಲಿಸುವ ಕ್ರಮ ಮಾತ್ರ ಹಿಂದುಮುಂದಾಗುತ್ತದೆ. ಕೆಲಸ ನಡೆಯುವ ಕ್ರಮ ಎಂದಿಗೂ ಬದಲಾಗುವುದಿಲ್ಲ. ಮಜ್ಜಿಗೆ ಕೊಡುವ ಕೆಲಸವನ್ನು ಬಿಡಿಸಿದರೆ ಲೋಟ ಎತ್ತಿಕೊಳ್ಳುವುದು, ಸೌಟಿನಿಂದ ತುಂಬುವುದು, ಕೊತ್ತಂಬರಿ ಉದುರಿಸುವುದು, ತಟ್ಟೆಯಲ್ಲಿಡುವುದು, ಗಿರಾಕಿಯ ಕೈಗೆ ಕೊಡುವುದು ಎಂಬ 5 ಹಂತಗಳು ಸಿಗುತ್ತವೆ. ಆರಂಭದಲ್ಲಿ ಮೊದಲ 4 ಹಂತಗಳನ್ನು ಶಿಕ್ಷಕರು ಮಗುವಿನ ಕೈಹಿಡಿದು ಮಾಡಿಸುತ್ತಾರೆ, 5ನೆಯದನ್ನು ಮಗು ತಾನೇ ಮಾಡುತ್ತದೆ. ಅದು ಗಟ್ಟಿಯಾದ ಮೇಲೆ ಶಿಕ್ಷಕರ ಸಹಾಯ 3ನೇ ಹಂತಕ್ಕೇ ನಿಲ್ಲುತ್ತದೆ. 4 ಮತ್ತು 5 ಮಗುವಿನವು. ಹೀಗೆ ಸಹಾಯವು ಹಿಂದಕ್ಕೆ ಸರಿಯುತ್ತಾ ಹೋಗಿ, ಕೊನೆಗೆ ಲೋಟ ಎತ್ತಿಕೊಳ್ಳುವುದೂ ಮಗುವಿನದೇ ಆಗುತ್ತದೆ.

ಪ್ರಾಜೆಕ್ಟಿಗೆ ಈ ವಿಧಾನ ಏಕೆ ಹೊಂದುತ್ತದೆಂದರೆ, ಗಿರಾಕಿ ಲೋಟ ತೆಗೆದುಕೊಂಡು ಕುಡಿಯುವುದೇ ಮಗುವಿಗೆ ಸಿಗುವ ಸಹಜ ಪ್ರಬಲನ (ಮತ್ತೆ ಮಾಡಲು ಹುರಿದುಂಬಿಸುವ ಫಲ), ಮತ್ತು ಅದು ಮಗು ಸ್ವತಃ ಮಾಡಿದ ಹಂತದ ಬೆನ್ನಿಗೇ ಸಿಗುತ್ತದೆ. ಮೊದಲ ಹಂತದಿಂದ ಕಲಿಸುತ್ತಾ ಹೋಗುವ ಫಾರ್ವರ್ಡ್ ಚೈನಿಂಗ್‌ನಲ್ಲಿ ಆರಂಭದಲ್ಲಿ ಮಗು ಲೋಟವನ್ನಷ್ಟೇ ತಾನಾಗಿ ಎತ್ತಿಕೊಂಡಿರುತ್ತದೆ. ಗಿರಾಕಿಯವರೆಗೆ ಮುಟ್ಟಿಸುವುದು ಶಿಕ್ಷಕರ ಕೈಯಲ್ಲೇ ಉಳಿಯುತ್ತದೆ. ಹಾಗೆಂದು ಅದು ನಿರುಪಯುಕ್ತವಲ್ಲ. ಮೊದಲ ಹಂತಗಳು ಮಗುವಿಗೆ ಆಗಲೇ ಬರುತ್ತಿದ್ದರೆ ಅದೇ ಸೂಕ್ತ.

ದಾಖಲೆಗೆ ಒಂದು ಸುಲಭ ದಾರಿಯಿದೆ. ಪ್ರತಿ ಹಂತಕ್ಕೊಂದು ಕಂಬಸಾಲು ಹಾಕಿ, ಸ್ವತಂತ್ರವಾಗಿ ಮಾಡಿದರೆ ‘ಸ್ವ’, ಮಾತಿನ ಸೂಚನೆ ಬೇಕಾದರೆ ‘ಮಾ’, ಕೈಹಿಡಿದು ಮಾಡಿಸಿದರೆ ‘ಕೈ’ ಎಂದಷ್ಟೇ ಬರೆಯಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರತಿ ವಿಕಲಚೇತನ ವಿದ್ಯಾರ್ಥಿಯ ಭಾಗವಹಿಸುವಿಕೆ ಮತ್ತು ಪ್ರಗತಿಯನ್ನು ಗಮನಿಸಬೇಕೆಂದು ಹೇಳುತ್ತದೆ. ಮಾರಾಟದ ದಿನದ ಗುಂಪುಚಿತ್ರದಿಂದ ಅದು ತಿಳಿಯುವುದಿಲ್ಲ, ಈ ಪಟ್ಟಿಯಿಂದ ತಿಳಿಯುತ್ತದೆ.

ಆಟಿಸಂ ಇರುವ ಮಗುವಿಗೆ ಇದೇ 5 ಹಂತಗಳ ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಅಂಟಿಸಬಹುದು. ಗಿರಾಕಿಗಳ ನೂಕುನುಗ್ಗಲಿನ ನಡುವೆ ಹೊಸ ಹಂತವನ್ನು ಕಲಿಸಲು ಹೋಗಬಾರದು. ಸಹಪಾಠಿಗಳನ್ನೇ ಗಿರಾಕಿಗಳನ್ನಾಗಿಸಿ ಮೊದಲೇ ಅಭ್ಯಾಸ ಮಾಡಿಸಿ, ಮಾರಾಟದ ದಿನ ಆಗಲೇ ‘ಸ್ವ’ ಬಂದಿರುವ ಹಂತಗಳನ್ನು ಮಾತ್ರ ಮಗುವಿಗೆ ಬಿಟ್ಟುಕೊಡಬೇಕು.