ಎಣ್ಣೆ ಹಚ್ಚಿಟ್ಟರೂ ಕೋವಿಗೆ ತುಕ್ಕು ಯಾಕೆ?

ಓದುಗರ ಪ್ರಶ್ನೆ: ಚಳಿಗಾಲದಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಕಡಲಂಚಿನ ಜೌಗಿಗೆ ಬಾತು ಬೇಟೆಗೆ ಹೋಗುತ್ತೇನೆ. ಮನೆಗೆ ಬಂದ ರಾತ್ರಿಯೇ ಶಾಟ್‌ಗನ್ನನ್ನು ಒಣಬಟ್ಟೆಯಲ್ಲಿ ಒರೆಸಿ, ಧಾರಾಳವಾಗಿ ಎಣ್ಣೆ ಹಚ್ಚಿ ಕಬ್ಬಿಣದ ಕಪಾಟಿನಲ್ಲಿ ಇಡುತ್ತೇನೆ. ಎರಡು ದಿನ ಬಿಟ್ಟು ತೆಗೆದರೆ ರಿಬ್ಬಿನ (ನಳಿಗೆಯ ಮೇಲಿನ ಉದ್ದ ಪಟ್ಟಿ) ಅಂಚಿನಲ್ಲಿ, ಫೋರ್‌ಎಂಡ್ (ನಳಿಗೆಯ ಕೆಳಗಿನ ಮುಂದಿನ ಹಿಡಿಕೆ) ಒಳಗೆ ಕೆಂಪು ಚುಕ್ಕೆ. ಇದಕ್ಕಿಂತ ಒಳ್ಳೆಯ ಎಣ್ಣೆ ಯಾವುದು?

ಉತ್ತರ: ಎಣ್ಣೆ ಬದಲಿಸಿದರೆ ಇದು ನಿಲ್ಲುವುದಿಲ್ಲ. ಎಣ್ಣೆ ಹಚ್ಚುವ ಮೊದಲು ಕೋವಿಯನ್ನು ಸಿಹಿನೀರಿನಲ್ಲಿ ತೊಳೆಯಬೇಕು. ನೀರು ಸೋಕಿದರೆ ತುಕ್ಕು ಬರುತ್ತದೆ ಎಂಬ ಹೆದರಿಕೆಯಲ್ಲಿ ಹೆಚ್ಚಿನವರು ಈ ಒಂದು ಕೆಲಸವನ್ನು ಬಿಟ್ಟುಬಿಡುತ್ತಾರೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ನದಿ ಬಂದು ಸೇರುವ ಅಳಿವೆಗಳಲ್ಲಿ ಅದಕ್ಕಿಂತ ಕಡಿಮೆ. ಗಾಳಿಯಲ್ಲಿ ತೇಲಿ ಬರುವ ತುಂತುರು, ಒದ್ದೆ ಕೈಗವಸು, ಹಕ್ಕಿ ಕಚ್ಚಿ ತಂದ ನಾಯಿ ಪಕ್ಕದಲ್ಲೇ ನಿಂತು ಮೈ ಕೊಡವುವುದು, ಹೀಗೆ ಉಪ್ಪು ಎಲ್ಲ ದಾರಿಯಿಂದಲೂ ಕೋವಿಗೆ ತಗಲುತ್ತದೆ. ಒಣಬಟ್ಟೆ ನೀರನ್ನು ಹೀರಿಕೊಳ್ಳುತ್ತದೆ. ಉಪ್ಪು ಮಾತ್ರ ತೆಳ್ಳಗೆ ಹರಡಿ ಸಂದಿಗಳಲ್ಲಿ ಕೂರುತ್ತದೆ. ಸಾದಾ ಉಪ್ಪು ಗಾಳಿಯ ತೇವಾಂಶ ಶೇ. 75ರ ಆಸುಪಾಸಿಗೆ ಬಂದಾಗ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ, ಅದಕ್ಕೆ ಶೇ. 33 ಸಾಕು. ಮಳೆಗಾಲದಲ್ಲಿ ಅಡುಗೆಮನೆಯ ಕಲ್ಲುಪ್ಪಿನ ಭರಣಿ ನೀರು ಬಿಡುತ್ತದಲ್ಲ, ಅದೇ ಕೆಲಸ ನಿಮ್ಮ ಕೋವಿಯ ರಿಬ್ಬಿನ ಕೆಳಗೆ ಬೀಗ ಹಾಕಿದ ಕಪಾಟಿನೊಳಗೂ ನಡೆಯುತ್ತಿರುತ್ತದೆ. ಮೇಲೆ ಎಣ್ಣೆ ಹಚ್ಚಿದರೆ ಆ ಉಪ್ಪು ಉಕ್ಕಿಗೆ ಅಂಟಿಕೊಂಡೇ ಅಡಿಯಲ್ಲಿ ಉಳಿಯುತ್ತದೆ. ಎಣ್ಣೆಯ ಪದರ ತೇವವನ್ನು ತಡವಾಗಿಸಬಹುದು, ಪೂರ್ತಿ ತಡೆಯಲಾರದು.

ನಳಿಗೆಯ ಕಪ್ಪು ಬಣ್ಣವನ್ನು ನಂಬಿ ಕೂರುವಂತೆಯೂ ಇಲ್ಲ. ಬ್ಲೂಯಿಂಗ್ ಎನ್ನುವುದು ಬಣ್ಣದ ಲೇಪವಲ್ಲ, ಉಕ್ಕಿನ ಮೇಲ್ಮೈಯನ್ನೇ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಬದಲಿಸಿದ ತೀರಾ ತೆಳು ಪದರ. ಅದಕ್ಕೆ ಸೂಕ್ಷ್ಮ ರಂಧ್ರಗಳಿವೆ. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತಾನಾಗಿ ಉಪ್ಪನ್ನು ತಡೆಯುವುದಿಲ್ಲ. ಈಗಿನ ಅನೇಕ ನಳಿಗೆಗಳ ಒಳಮೈಗೆ ಕ್ರೋಮ್ ಲೇಪ ಇರುತ್ತದೆ ನಿಜ. ಹೊರಮೈ, ಚೋಕ್ (ಮೂತಿಯನ್ನು ಕಿರಿದಾಗಿಸುವ ಕೊಳವೆ) ಕೂರುವ ಮರೆ ಅಂದರೆ ತಿರುಪಿನ ಸುತ್ತು, ಎಜೆಕ್ಟರ್ (ಖಾಲಿ ತೋಟೆ ಹೊರಹಾಕುವ ಭಾಗ) ಕೂರುವ ಜಾಗ ಇವಕ್ಕೆ ಸಾಮಾನ್ಯವಾಗಿ ಅದಿಲ್ಲ.

ಕೊಡಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಮಳೆ, ಮಂಜು ವಿಪರೀತ. ಆದರೆ ಅದು ಸಿಹಿನೀರು. ಒರೆಸಿ, ಬೆಚ್ಚಗಿನ ಜಾಗದಲ್ಲಿ ಒಣಗಿಸಿ, ಎಣ್ಣೆ ಹಚ್ಚಿ ಇಟ್ಟ ಜೋಡುನಳಿಗೆ ಕೋವಿ ಕೈಲ್ ಮುಹೂರ್ತದ ಪೂಜೆಗೆ ತೆಗೆದಾಗ ಚೊಕ್ಕಟವಾಗಿಯೇ ಇರುತ್ತದೆ. ಆ ರೂಢಿಯನ್ನೇ ಮೋರ್‌ಕಾಂಬ್ ಕೊಲ್ಲಿಗೋ ವಾಷ್ ಕೊಲ್ಲಿಗೋ ಒಯ್ದರೆ ಕೈಕೊಡುತ್ತದೆ. (ಭಾರತದಲ್ಲಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬಾತು ಬೇಟೆಯ ಮಾತೇ ಇಲ್ಲ. ಇಲ್ಲಿ ಹೇಳುವುದೆಲ್ಲ ಬ್ರಿಟನ್ನಿನ ಕಡಲತೀರಕ್ಕೆ.)

ಮನೆಗೆ ಬರುವ ಮೊದಲೇ

ಮೊದಲ ಅರ್ಧ ಗಂಟೆ ಕಾರಿನ ಹತ್ತಿರವೇ ಕಳೆಯುತ್ತದೆ, ಅದನ್ನು ವ್ಯರ್ಥ ಮಾಡಬೇಡಿ. ಕೋವಿ ಖಾಲಿ ಇದೆಯೇ ನೋಡಿ. ಬ್ರಿಟನ್ನಿನಲ್ಲಿ ಸಾಮಾನ್ಯ ಶಾಟ್‌ಗನ್ ಸರ್ಟಿಫಿಕೇಟಿನ ಮೇಲಿಟ್ಟುಕೊಳ್ಳುವ, ಹೊಡೆದ ಮೇಲೆ ತಾನೇ ಮುಂದಿನ ತೋಟೆ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್‌ನ ಮ್ಯಾಗಜೀನ್ (ತೋಟೆ ತುಂಬಿಡುವ ಕೊಳವೆ) ಎರಡೇ ತೋಟೆ ಹಿಡಿಯಬೇಕು. ಹಾಗಾಗಿ ಮ್ಯಾಗಜೀನಿನ ಎರಡು, ಚೇಂಬರಿನ (ತೋಟೆ ಸಿಡಿಯುವ ಜಾಗ) ಒಂದು, ಮೂರೂ ಹೊರಗೆ ಬಂದಿವೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಕಾರಿನಲ್ಲಿ ಎರಡು ಲೀಟರ್ ಸಿಹಿನೀರಿನ ಬಾಟಲಿ, ಎರಡು ಮೈಕ್ರೋಫೈಬರ್ ಬಟ್ಟೆ ಇರಲಿ. ಒಂದನ್ನು ನೀರಿನಲ್ಲಿ ಅದ್ದಿ ಹಿಂಡಿ ಹೊರಮೈಯನ್ನೆಲ್ಲ ಒರೆಸಿ, ಬಟ್ಟೆ ತೊಳೆದು ಮತ್ತೊಮ್ಮೆ ಒರೆಸಿ, ಆಮೇಲೆ ಒಣಬಟ್ಟೆ.

ಉಣ್ಣೆಯಂಥ ಒಳಪದರವಿರುವ ಕೋವಿ ಚೀಲ ಅತ್ಯಂತ ಅಪಾಯದ ಜಾಗ. ಅದು ಉಪ್ಪುನೀರನ್ನು ಸ್ಪಂಜಿನಂತೆ ಹಿಡಿದು ನಳಿಗೆಗೆ ಒತ್ತಿಡುತ್ತದೆ. ಆ ಚೀಲದಲ್ಲಿ ಒಂದು ರಾತ್ರಿ ಬಿಟ್ಟ ಕೋವಿಯನ್ನು ಬೆಳಿಗ್ಗೆ ತೆಗೆದರೆ ಇಡೀ ನಳಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುವುದು ಅಪರೂಪವಲ್ಲ. ಜೌಗಿಗೆ ಒಳಪದರವಿಲ್ಲದ, ನೀರು ಹೀರದ, ತುದಿಯ ಜಿಪ್ ಬಿಚ್ಚಿ ಒಳಗಿನಿಂದಲೂ ತೊಳೆಯಬಹುದಾದ ಚೀಲ ಬೇರೆಯೇ ಇಟ್ಟುಕೊಳ್ಳಿ. ಕೋವಿಯನ್ನು ತೊಳೆದು ಅದೇ ಉಪ್ಪಿನ ಚೀಲಕ್ಕೆ ಮತ್ತೆ ಹಾಕಿದರೆ ಪಟ್ಟ ಶ್ರಮ ಮಣ್ಣುಪಾಲು.

ತೊಳೆಯುವುದು ಹೇಗೆ

ಮನೆಗೆ ಬಂದ ತಕ್ಷಣ ನಳಿಗೆ, ಫೋರ್‌ಎಂಡ್, ಆಕ್ಷನ್ (ಟ್ರಿಗರ್ ಇರುವ ಯಂತ್ರಭಾಗ) ಬೇರೆ ಬೇರೆ ಮಾಡಿ. ಚೋಕ್ ಟ್ಯೂಬ್ ಬಿಚ್ಚಿ. ನಳಿಗೆಯನ್ನು ಮಾತ್ರ ನೀರಿನ ಕೆಳಗೆ ಹಿಡಿಯಬೇಕು, ಆಕ್ಷನ್ನನ್ನೂ ಮರದ ಸ್ಟಾಕನ್ನೂ (ಹಿಂದಿನ ಹಿಡಿಕೆ) ಅಲ್ಲ. ಮೊದಲು ಉಗುರುಬೆಚ್ಚಗಿನ ನಲ್ಲಿ ನೀರಿನಲ್ಲಿ ರಿಬ್ಬಿನ ಎರಡೂ ಬದಿ, ರಿಬ್ಬನ್ನು ಹೊತ್ತ ಪುಟ್ಟ ಕಂಬಗಳ ನಡುವೆ, ನಳಿಗೆಗಳ ಮಧ್ಯದ ಸಂದಿ ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಸೋಪು ಬೇಡ, ಉಪ್ಪು ನೀರಿಗೇ ಕರಗುತ್ತದೆ. ಕೊನೆಗೆ ಕೆಟಲ್‌ನಲ್ಲಿ ಕಾಯಿಸಿದ ನೀರು ನಳಿಗೆಯೊಂದಕ್ಕೆ ಒಂದು ಲೀಟರಿನ ಲೆಕ್ಕದಲ್ಲಿ, ಚೇಂಬರಿನ ಕಡೆಯಿಂದ ಸುರಿಯಿರಿ. ಕೈಗೆ ದಪ್ಪ ಬಟ್ಟೆ ಇರಲಿ, ಉಕ್ಕು ಸುಡುತ್ತದೆ. ಹಾಗೆ ಬಿಸಿಯಾಗುವುದೇ ನಮಗೆ ಬೇಕಾದದ್ದು: ಒಳಗೆ ಉಳಿದ ತೇವ ತಾನಾಗಿ ಆರುತ್ತದೆ.

ಇಲ್ಲಿ ತಡಮಾಡುವ ಹಾಗಿಲ್ಲ. ಬಿಸಿ, ಒದ್ದೆ, ಎಣ್ಣೆಯಿಲ್ಲದ ಉಕ್ಕಿನ ಮೇಲೆ ನಿಮಿಷಗಳಲ್ಲೇ ತೆಳು ಕಂದು ಮಬ್ಬು ಕಾಣಿಸಿಕೊಳ್ಳುತ್ತದೆ. ಒಣಬಟ್ಟೆ, ಕ್ಲೀನಿಂಗ್ ರಾಡು, ಪ್ಯಾಚುಗಳನ್ನು (ಒರೆಸುವ ಸಣ್ಣ ಬಟ್ಟೆ ತುಂಡು) ಮೊದಲೇ ಪಕ್ಕದಲ್ಲಿ ಜೋಡಿಸಿಟ್ಟುಕೊಂಡು ಕೆಲಸ ಶುರುಮಾಡಿ. ಒರೆಸಿದ ಮೇಲೆ ರಿಬ್ಬಿನ ಕೆಳಗೆ, ತಿರುಪುಗಳ ತಲೆಯ ಗೀರಿನಲ್ಲಿ ನಿಂತ ನೀರನ್ನು ಗಾಳಿಯ ಕ್ಯಾನಿನಿಂದ ಅಥವಾ ಹೇರ್ ಡ್ರೈಯರಿನಿಂದ ಓಡಿಸಿ. ರೇಡಿಯೇಟರ್ ಮೇಲೆ ಕೋವಿ ಇಡಬೇಡಿ. ನಳಿಗೆಗೆ ಏನೂ ಆಗದು, ಮರದ ಸ್ಟಾಕ್ ಒಂದೇ ಬದಿ ಒಣಗಿ ಸೀಳು ಬಿಡುತ್ತದೆ.

ಆಕ್ಷನ್ನಿಗೆ ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ ಸಾಕು, ಎರಡು ಮೂರು ಸಲ ಬಟ್ಟೆ ಜಾಲಾಡಿಸಿ ಒರೆಸಿ. ಟ್ರಿಗರ್ ಗಾರ್ಡಿನ ಒಳಬದಿ, ಟಾಪ್ ಲಿವರಿನ ಅಡಿ, ಸೇಫ್ಟಿ ಗುಂಡಿಯ ಸುತ್ತ ಇಯರ್‌ಬಡ್ ಹಾಕಿ. ಮರದ ಮೈಯನ್ನೂ ಹಾಗೆಯೇ ಒರೆಸಿ, ಸಾದಾ ಕೋಣೆಯಲ್ಲಿ ಒಣಗಲು ಬಿಡಿ.

ಈಗ ಎಣ್ಣೆಯ ವಿಚಾರ. ಇದಕ್ಕೆ ಎರಡು ಹಂತ. ಮೊದಲನೆಯದು ಉಳಿದ ನೀರನ್ನು ತಳ್ಳುವ ದ್ರವ. ಡಬ್ಲ್ಯೂಡಿ-40 ಹುಟ್ಟಿದ್ದೇ ಈ ಕೆಲಸಕ್ಕೆ, ಸಂದಿಗಳಿಗೆ ಇಳಿದು ನೀರನ್ನು ಹೊರಹಾಕುತ್ತದೆ. ಆದರೆ ಅದು ಬಿಟ್ಟುಹೋಗುವ ಪದರ ತೀರಾ ತೆಳು. ಅದನ್ನೇ ಕೊನೆಯ ರಕ್ಷಣೆ ಎಂದುಕೊಂಡು ಕೋವಿ ಒಳಗಿಡುವುದು ಕಡಲತೀರದಲ್ಲಿ ನಡೆಯುವ ಮಾತಲ್ಲ. ಹತ್ತು ನಿಮಿಷ ಬಿಟ್ಟು ಒರೆಸಿ, ಎರಡನೆಯ ಹಂತಕ್ಕೆ ತುಕ್ಕುನಿರೋಧಕ ಬೆರೆಸಿದ ಕೋವಿ ಎಣ್ಣೆ ಹಚ್ಚಿ. ನಾಪಿಯರ್, ಯಂಗ್ಸ್ 303, ಬ್ಯಾಲಿಸ್ಟಾಲ್, ಬ್ರೇಕ್‌ಫ್ರೀ, ವಿಮಾನಗಳಿಗೆಂದು ಬಂದ ಎಸಿಎಫ್-50, ಯಾವುದಾದರೂ ಆದೀತು. ತೊಳೆದ ಉಕ್ಕಿನ ಮೇಲೆ ಇವುಗಳ ನಡುವಿನ ಅಂತರ ದೊಡ್ಡದಲ್ಲ, ತೊಳೆಯದ ಉಕ್ಕಿನ ಮೇಲೆ ಯಾವುದೂ ಉಪಯೋಗಕ್ಕಿಲ್ಲ. ಪ್ಯಾಚಿಗೆ ನಾಲ್ಕೈದು ಹನಿ ಹಾಕಿ ಇಡೀ ಹೊರಮೈ ಮೇಲೆ ಎಳೆದರೆ ಸಾಕು. ನಿಮ್ಮ ಪ್ರಶ್ನೆಯಲ್ಲಿರುವ “ಧಾರಾಳ” ಮರಕ್ಕೆ ಕೆಡುಕು: ಹೆಚ್ಚಾದ ಎಣ್ಣೆ ಆಕ್ಷನ್ ಮೂಲಕ ಸ್ಟಾಕಿನ ತಲೆಗೆ ಇಳಿದು, ವರ್ಷಗಳಲ್ಲಿ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಅದಕ್ಕೇ ಮೊದಲ ರಾತ್ರಿ ಕೋವಿಯನ್ನು ಮೂತಿ ಕೆಳಗೆ ಮಾಡಿ, ಕಾಗದದ ಮೇಲೆ ನಿಲ್ಲಿಸುವುದು ಒಳ್ಳೆಯದು.

ಮರುದಿನ ಸಂಜೆ ಮತ್ತೆ ಹೊರತೆಗೆದು ನೋಡಲೇಬೇಕು. ಬಿಳಿ ಬಟ್ಟೆಯನ್ನು ರಿಬ್ಬಿನ ಅಂಚಿನುದ್ದಕ್ಕೂ ಎಳೆಯಿರಿ. ಬಟ್ಟೆಯಲ್ಲಿ ಕಂದು ಗೆರೆ ಬಂದರೆ ಆ ಜಾಗದಲ್ಲಿ ಉಪ್ಪು ಉಳಿದಿದೆ ಎಂದು ಅರ್ಥ. ಮೇಲೆ ಎಣ್ಣೆ ಹಾಕಿ ಮುಚ್ಚಬೇಡಿ. ಅಷ್ಟು ಭಾಗವನ್ನು ಮತ್ತೆ ಬಿಸಿನೀರಿನಲ್ಲಿ ತೊಳೆಯಿರಿ. ಹಳೆಯ ಜೋಡುನಳಿಗೆಗಳಲ್ಲಿ ತೊಳೆದಷ್ಟೂ ಒಂದೇ ಕಡೆಯಿಂದ ಕಂದು ನೀರು ಒಸರುತ್ತಿದ್ದರೆ ರಿಬ್ಬಿನ ಬೆಸುಗೆ ಬಿಟ್ಟಿರಬಹುದು. ನಳಿಗೆಯನ್ನು ಕೊಕ್ಕೆಯಿಂದ ತೂಗುಹಾಕಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ: ಬೆಸುಗೆ ಗಟ್ಟಿಯಿದ್ದರೆ ಗಂಟೆಯ ನಾದ, ಬಿಟ್ಟಿದ್ದರೆ ಒಡಕು ಸದ್ದು. ಒಡಕು ಕೇಳಿದರೆ ಗನ್‌ಸ್ಮಿತ್ ಕೈಗೆ ಕೊಡಬೇಕು.

ಸೆಮಿ ಆಟೊಮ್ಯಾಟಿಕ್ ಇದ್ದರೆ

ಜೌಗಿಗೆ ಹೋಗುವ ಬಹಳ ಮಂದಿ ಪ್ಲಾಸ್ಟಿಕ್ ಸ್ಟಾಕಿನ ಸೆಮಿ ಆಟೊಮ್ಯಾಟಿಕ್ ಕೊಳ್ಳುವುದು ತುಕ್ಕಿನ ಚಿಂತೆ ತಪ್ಪಿತೆಂದು. ಹೊರಗಿನ ಮಟ್ಟಿಗೆ ಅದು ಸರಿ. ಒಳಗೆ ಅದರಲ್ಲಿ ಉಕ್ಕಿನ ಬಿಡಿಭಾಗಗಳು ಇನ್ನೂ ಹೆಚ್ಚು. ಗ್ಯಾಸಿನಿಂದ ನಡೆಯುವ ಕೋವಿಯಲ್ಲಿ ಪಿಸ್ಟನ್ ಹಾಗೂ ಮ್ಯಾಗಜೀನ್ ಕೊಳವೆಯ ಮೇಲೆ ಕೂತ ಮಸಿ ಉಪ್ಪುನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಅಲ್ಲಿ ಮೊದಲು ಮಸಿ ತೆಗೆದು ಆಮೇಲೆ ತೊಳೆಯಬೇಕು.

ಎಲ್ಲರೂ ಮರೆಯುವುದು ಸ್ಟಾಕಿನ ಒಳಗಿನ ಸ್ಪ್ರಿಂಗ್. ಬೋಲ್ಟನ್ನು (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಅನೇಕ ಮಾದರಿಗಳಲ್ಲಿ ಸ್ಟಾಕಿನೊಳಗೆ ಚಾಚಿದ ಕೊಳವೆಯಲ್ಲಿರುತ್ತದೆ. ಕೋವಿಯನ್ನು ಮೂತಿ ಮೇಲೆ ಮಾಡಿ ಒರಗಿಸಿದಾಗ ಬೋಲ್ಟಿನ ಹಿಂದಿನಿಂದ ನೀರು ನೇರ ಅಲ್ಲಿಗೇ ಇಳಿಯುತ್ತದೆ, ಹೊರಬರಲು ದಾರಿಯಿಲ್ಲ. ಒಂದೆರಡು ಸೀಸನ್ ಕಳೆದ ಮೇಲೆ ಬೋಲ್ಟ್ ಪೂರ್ತಿ ಮುಂದೆ ಹೋಗುವುದಿಲ್ಲ, ಚಳಿಯಲ್ಲಿ ಎರಡನೆಯ ತೋಟೆ ಅರ್ಧಕ್ಕೆ ನಿಲ್ಲುತ್ತದೆ. ಜನ ತೋಟೆಯನ್ನು ಬೈಯುತ್ತಾರೆ. ರಬ್ಬರ್ ಪ್ಯಾಡ್ ತೆಗೆದು, ಸ್ಟಾಕನ್ನು ಬಿಗಿದ ತಿರುಪು ಬಿಚ್ಚಿದರೆ ಕೊಳವೆ ಸಿಗುತ್ತದೆ. ಅದರ ತುದಿಯ ಮುಚ್ಚಳ ಬಿಚ್ಚುವಾಗ ಒತ್ತಡದಲ್ಲಿರುವ ಸ್ಪ್ರಿಂಗ್ ಮುಖಕ್ಕೆ ಚಿಮ್ಮಬಹುದು, ಕನ್ನಡಕ ಹಾಕಿಕೊಂಡು ಹೆಬ್ಬೆರಳಿನಿಂದ ಅದುಮಿ ಹಿಡಿದೇ ಬಿಚ್ಚಿ. ತೊಳೆದು ಒಣಗಿಸಿ ತೆಳುವಾಗಿ ಎಣ್ಣೆ ಹಾಕಿ. ದಪ್ಪ ಗ್ರೀಸ್ ಬೇಡ, ಚಳಿಗೆ ಗಟ್ಟಿಯಾಗಿ ಅದೇ ತೊಂದರೆ ಮತ್ತೆ. ಸೀಸನ್ನಿನಲ್ಲಿ ಎರಡು ಸಲ ಮಾಡಿದರೆ ಸಾಕು. ಕೋವಿ ನೀರಿಗೆ ಬಿದ್ದಿದ್ದರೆ ಅದೇ ದಿನ.

ಚೋಕ್ ಟ್ಯೂಬಿನ ಮರೆಯಲ್ಲಿ ಉಪ್ಪು ಸೇರಿದರೆ ಟ್ಯೂಬ್ ಕಚ್ಚಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 1999ರ ನಿಯಮ ಬಂದಂದಿನಿಂದ ಕಡಲತೀರದಲ್ಲಿ ಸೀಸದ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ನಿಷಿದ್ಧ, ಹೆಚ್ಚಿನವರು ಬಳಸುವುದು ಉಕ್ಕಿನ ಚರೆ. ದೊಡ್ಡ ಉಕ್ಕಿನ ಚರೆಗೆ ಹಾಫ್ ಚೋಕಿಗಿಂತ (ಮಧ್ಯಮ ಬಿಗಿ) ಬಿಗಿ ಬೇಡ ಎನ್ನುವುದು ರೂಢಿ. ಕಚ್ಚಿಕೊಂಡ ಬಿಗಿ ಚೋಕನ್ನು ಬದಲಿಸಲಾಗದೆ ಹಾಗೇ ಹೊಡೆಯುವ ಸ್ಥಿತಿ ಬರಬಾರದು. ಪ್ರತಿ ಸಲ ಬಿಚ್ಚಿ, ಮರೆಯನ್ನು ಬ್ರಷ್ಷಿನಿಂದ ತೊಳೆದು, ತಾಮ್ರದ ಗ್ರೀಸನ್ನು ಅಕ್ಕಿಕಾಳಿನಷ್ಟು ಸವರಿ ಹಾಕಿ. ಟ್ಯೂಬ್ ಇಲ್ಲದೆ ಎಂದೂ ಹೊಡೆಯಬೇಡಿ, ನಳಿಗೆಯ ಮರೆ ಹಾಳಾಗುತ್ತದೆ.

ಮೇಣ ಮತ್ತು ಕಪಾಟು

ಸೀಸನ್ ಸೆಪ್ಟೆಂಬರ್ 1ಕ್ಕೆ ಶುರುವಾಗುವ ಮೊದಲು ನಳಿಗೆಗೆ ಮೈಕ್ರೋಕ್ರಿಸ್ಟಲೈನ್ ಮೇಣ ಹಚ್ಚಿಡುವುದು ಒಳ್ಳೆಯ ಅಭ್ಯಾಸ. ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ರೆನೆಸಾನ್ಸ್ ಮೇಣ ಇದಕ್ಕೆ ಹೆಸರುವಾಸಿ. ಎಣ್ಣೆಯನ್ನು ಮೆಥಿಲೇಟೆಡ್ ಸ್ಪಿರಿಟ್‌ನಿಂದ ಪೂರ್ತಿ ತೆಗೆದು, ತೆಳು ಪದರ ಹಚ್ಚಿ ಉಜ್ಜಿ, ಒಂದು ಗಂಟೆ ಬಿಟ್ಟು ಇನ್ನೊಂದು ಪದರ. ಫೋರ್‌ಎಂಡ್ ಮುಚ್ಚುವ ಭಾಗವನ್ನೂ ಬಿಡಬೇಡಿ, ಅಲ್ಲೇ ನೀರು ನಿಲ್ಲುವುದು. ಮೇಣ ಕೈಗೆ ಅಂಟುವುದಿಲ್ಲ, ಮಳೆಗೆ ಎಣ್ಣೆಯಂತೆ ತೊಳೆದುಹೋಗುವುದಿಲ್ಲ. ಆದರೆ ಕೆಟಲ್ ನೀರು ಬಿದ್ದ ಕಡೆ ಮೆತ್ತಗಾಗಿ ಹೋಗುತ್ತದೆ. ಮೇಣ ಹಚ್ಚಿದ ಹೊರಮೈಗೆ ಉಗುರುಬೆಚ್ಚಗಿನ ನೀರು, ಕುದಿನೀರು ನಳಿಗೆಯ ಒಳಕ್ಕೆ ಮಾತ್ರ.

ಕಪಾಟಿನೊಳಗೆ ಗಾಳಿಯಾಡುವುದಿಲ್ಲ. ಒದ್ದೆ ಸ್ಟಾಕನ್ನು ಒಳಗಿಟ್ಟರೆ ಆ ತೇವ ಪಕ್ಕದ ಕೋವಿಗೂ ಹೋಗುತ್ತದೆ. 200 ಗ್ರಾಂ ಸಿಲಿಕಾ ಜೆಲ್ ಒಳಗಿಡಿ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಜಾತಿಯಾದರೆ ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟು ಮತ್ತೆ ಬಳಸಬಹುದು. ಹೊರಗೋಡೆಗೆ ತಾಗಿದ ಕಪಾಟಿಗೆ ಜೆಲ್ಲಿಗಿಂತ ವಿದ್ಯುತ್ತಿನಿಂದ ಬೆಚ್ಚಗಾಗುವ ಸಣ್ಣ ಬಿಸಿಕೋಲು ಮೇಲು, ಏಕೆಂದರೆ ಅಲ್ಲಿ ತಂಪು ಉಕ್ಕಿನ ಮೇಲೆ ಹನಿಗಟ್ಟುವುದೇ ಮುಖ್ಯ ತೊಂದರೆ.

ಈಗಾಗಲೇ ಬಂದಿರುವ ಚುಕ್ಕೆಗಳು

ಎಣ್ಣೆ ಹಾಕಿ ಒಂದು ರಾತ್ರಿ ನೆನೆಸಿ, ನಾಲ್ಕು ಸೊನ್ನೆಯ (0000, ಅತಿ ನಯದ ದರ್ಜೆ) ಉಕ್ಕಿನ ಉಣ್ಣೆಯಿಂದ ಭಾರ ಹಾಕದೆ ಉಜ್ಜಿ. ಕೆಂಪು ಹೋಗುತ್ತದೆ, ಕಪ್ಪು ಬಹುಪಾಲು ಉಳಿಯುತ್ತದೆ. ವಿನೆಗರ್, ನಿಂಬೆ, ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ತೆಗೆಯುವ ದ್ರವಗಳನ್ನು ಮುಟ್ಟಬೇಡಿ. ಬ್ಲೂಯಿಂಗೂ ಕಬ್ಬಿಣದ ಆಕ್ಸೈಡೇ ಆದ್ದರಿಂದ ಆಸಿಡ್ ಎರಡನ್ನೂ ಒಟ್ಟಿಗೆ ತಿನ್ನುತ್ತದೆ, ಬಿಳಿ ಕಲೆ ಉಳಿಯುತ್ತದೆ. ಉಗುರಿಗೆ ಕುಳಿ ಸಿಕ್ಕುವಷ್ಟು ಆಳವಾಗಿದ್ದರೆ, ಅದರಲ್ಲೂ ಚೇಂಬರಿನ ಹತ್ತಿರ ಅಥವಾ ನಳಿಗೆಯ ಒಳಗೆ ಇದ್ದರೆ, ಗೋಡೆಯ ದಪ್ಪ ಅಳೆಸದೆ ಹೊಡೆಯಬೇಡಿ.

ತೋಟೆಗಳನ್ನೂ ಒಮ್ಮೆ ನೋಡಿ. ಅವುಗಳ ಹಿತ್ತಾಳೆ ಬಣ್ಣದ ತಲೆ ಬಹಳಷ್ಟು ಸಲ ಲೇಪ ಹಾಕಿದ ಉಕ್ಕು; ಒದ್ದೆ ಜೇಬಿನಲ್ಲಿ ಉಳಿದರೆ ತುಕ್ಕು ಹಿಡಿದು ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತವೆ. ತೋಟೆಯ ಬಾಯಿ ಮುಚ್ಚಿದ ಮಡಿಕೆಯ ಮೂಲಕ ಉಪ್ಪುನೀರು ಒಳಹೊಕ್ಕರೆ ಉಕ್ಕಿನ ಚರೆಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿ ಗಟ್ಟಿ ಉಂಡೆಯಾಗಬಹುದು, ಅದು ನಳಿಗೆಗೂ ಅಪಾಯ, ಎದುರಿಗಿದ್ದವರಿಗೂ ಅಪಾಯ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಜೊತೆಯ ಹೊಸ ತೋಟೆಯಂತೆ ಕೇಳಿಸದಿದ್ದರೆ, ತಲೆಯಲ್ಲಿ ತುಕ್ಕು ಕಂಡರೆ, ಬೇರೆ ಎತ್ತಿಟ್ಟು ಅಂಗಡಿಗೆ ಹಿಂತಿರುಗಿಸಿ.

ಕಡಲತೀರದ ಸೀಸನ್ ಫೆಬ್ರುವರಿ 20ಕ್ಕೆ ಮುಗಿಯುತ್ತದೆ. ಆ ವಾರವೇ ಆಕ್ಷನ್ ಬಿಚ್ಚಿ ಶುಚಿ ಮಾಡಲು ಗನ್‌ಸ್ಮಿತ್‌ಗೆ ಒಯ್ಯಿರಿ, ಬೇಸಿಗೆ ಕಳೆಯಲಿ ಎಂದು ಕಾಯಬೇಡಿ. ಲಾಕಿನ ತಿರುಪುಗಳನ್ನು ಮನೆಯ ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ತಲೆಯ ಗೀರು ಕೆಡುತ್ತದೆ. ಕೊಡುವಾಗ ಕೋವಿ ಉಪ್ಪುನೀರಿನಲ್ಲಿ ಬಳಸಿದ್ದು, ಇಂಥ ಕಡೆ ಚುಕ್ಕೆ ಬಂದಿತ್ತು ಎಂದು ಬರೆದ ಚೀಟಿಯನ್ನು ಟ್ರಿಗರ್ ಗಾರ್ಡಿಗೆ ಕಟ್ಟಿ ಕೊಡಿ.