ಬಳಸುವವರ ಜೊತೆ ಕೂತು ರೂಪಿಸುವ ಆರೋಗ್ಯ ತಂತ್ರಾಂಶ: ನಡೆದು ಬಂದ ದಾರಿ

ಹಳ್ಳಿಯ ಗರ್ಭಿಣಿ, ಕೊಳೆಗೇರಿಯ ಕ್ಷಯರೋಗಿ, ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆ ಇವರಿಗೆಂದು ಸಿದ್ಧವಾಗುವ ಆ್ಯಪ್‌ಗಳನ್ನು ಇವರ ಜೊತೆಯಲ್ಲಿಯೇ ಕೂತು ರೂಪಿಸಬೇಕು ಎಂಬ ಮಾತು ಈಗ ಆರೋಗ್ಯ ಯೋಜನೆಗಳ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಆದರೆ ಅವರನ್ನು ಕೇಳಬೇಕಾದದ್ದು ಯಾವ ಹಂತದಲ್ಲಿ, ಅವರ ಮಾತಿಗೆ ಎಷ್ಟು ಬೆಲೆ, ಅದಕ್ಕೆ ತಗಲುವ ಸಮಯದ ಖರ್ಚು ಯಾರದ್ದು ಎಂಬುದರ ಬಗ್ಗೆ ಒಮ್ಮತವಿಲ್ಲ.

ಈ ವಿಚಾರ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಕಾರ್ಖಾನೆಯಲ್ಲಿ. 1970ರ ದಶಕದ ನಾರ್ವೆಯಲ್ಲಿ ಲೋಹ ಕಾರ್ಮಿಕರ ಸಂಘವು ಗಣಕ ವಿಜ್ಞಾನಿ ಕ್ರಿಸ್ಟನ್ ನೀಗಾರ್ಡ್ ಅವರೊಡನೆ ಸೇರಿ, ಕೆಲಸದ ಜಾಗಕ್ಕೆ ಬರುವ ಕಂಪ್ಯೂಟರು ಹೇಗಿರಬೇಕೆಂದು ಹೇಳುವ ಹಕ್ಕು ಅದನ್ನು ಬಳಸುವವರಿಗೂ ಇದೆ ಎಂದು ವಾದಿಸಿತು. ಅದೇ ಚಿಂತನೆ ಓಸ್ಲೋ ವಿಶ್ವವಿದ್ಯಾಲಯದ ಸಂಶೋಧಕರ ಮೂಲಕ 1994ರ ನಂತರದ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಆರೋಗ್ಯ ಕೇಂದ್ರಗಳ ಮಾಹಿತಿ ವ್ಯವಸ್ಥೆಯಾಗಿ ಬೆಳೆದು, 2000ದ ಹೊತ್ತಿಗೆ ನಮ್ಮ ಕೋಲಾರದ ಗಡಿಗೆ ತಾಗಿಕೊಂಡಿರುವ ಆಂಧ್ರದ ಕುಪ್ಪಂಗೂ ಬಂತು.

ಭಾರತದಲ್ಲಿ ಕಥೆ ಬೇರೆ ದಿಕ್ಕು ಹಿಡಿದದ್ದು 2009ರಲ್ಲಿ, ತಾಯಿ ಮತ್ತು ಮಗುವಿನ ಹೆಸರು ಹಿಡಿದು ಜಾಡು ಹಿಡಿಯುವ ಎಂಸಿಟಿಎಸ್ ವ್ಯವಸ್ಥೆ ಆರಂಭವಾದಾಗ. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಮಾಹಿತಿ ಹರಿದದ್ದು ಮುಖ್ಯವಾಗಿ ಕೆಳಗಿನಿಂದ ಮೇಲಕ್ಕೆ. ಉಪಕೇಂದ್ರದಲ್ಲಿ ಕೈಬರಹದ ರಿಜಿಸ್ಟರ್ ತಪ್ಪಲಿಲ್ಲ, ಅದರ ಮೇಲೆ ಡೇಟಾ ಎಂಟ್ರಿಯೂ ಬಂದು ಕೂತಿತು.

ಇದಕ್ಕೆ ವ್ಯತಿರಿಕ್ತವಾಗಿ ನಡೆದ ಒಂದು ಪ್ರಯತ್ನವೆಂದರೆ 2012ರಲ್ಲಿ ಬಿಹಾರದಲ್ಲಿ ಆರಂಭವಾದ ಮೊಬೈಲ್ ಕುಂಜಿ. ಬಿಬಿಸಿಯ ದತ್ತಿ ಸಂಸ್ಥೆಯಾದ ಬಿಬಿಸಿ ಮೀಡಿಯಾ ಆ್ಯಕ್ಷನ್‌ನ ತಂಡ ಮೊದಲು ಆಶಾ ಕಾರ್ಯಕರ್ತೆಯರು ಫೋನನ್ನು ನಿಜವಾಗಿ ಹೇಗೆ ಬಳಸುತ್ತಾರೆಂದು ನೋಡಿತು. ಬಹುತೇಕರ ಬಳಿ ಸಾದಾ ಫೋನ್ ಇತ್ತು, ಆದರೆ ಎಸ್‌ಎಂಎಸ್ ಕಳಿಸಿ ರೂಢಿಯಿದ್ದವರು ತೀರಾ ಕಡಿಮೆ. ಹಾಗಾಗಿ ಅಕ್ಷರವನ್ನು ಬಿಟ್ಟು ಧ್ವನಿಯನ್ನು ಆರಿಸಿಕೊಂಡರು. ಉಂಗುರಕ್ಕೆ ಪೋಣಿಸಿದ ಚಿತ್ರದ ಕಾರ್ಡುಗಳು, ಪ್ರತಿ ಕಾರ್ಡಿಗೂ ಒಂದು ಸಂಖ್ಯೆ; ಆ ಸಂಖ್ಯೆ ಒತ್ತಿದರೆ ವೈದ್ಯೆಯ ಪಾತ್ರವೊಂದು ಮಾತನಾಡುತ್ತದೆ, ಮನೆಯ ಅತ್ತೆ ಸೊಸೆಯರು ಅದನ್ನು ಒಟ್ಟಿಗೇ ಕೇಳಿಸಿಕೊಳ್ಳಬಹುದು.

ನನ್ನ ಮಟ್ಟಿಗೆ ಇಡೀ ಚರ್ಚೆಯ ಒಳಸುಳಿಗಳನ್ನು ಚೆನ್ನಾಗಿ ತೋರಿಸುವುದು 99ಡಾಟ್ಸ್ ಎಂಬ ಕ್ಷಯರೋಗ ಚಿಕಿತ್ಸೆಯ ಸಾಧನ. ಇದರ ಬೇರು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಪ್ರಯೋಗಾಲಯದಲ್ಲಿದೆ. ಅದಕ್ಕೂ ಮೊದಲು ರೋಗಿ ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ಗುಳಿಗೆ ನುಂಗಬೇಕಿತ್ತು. ದಿನಗೂಲಿಯವರಿಗೆ ಅದು ಕೂಲಿ ಬಿಟ್ಟು ಬರುವ ಮಾತು. ಹೊಸ ಕ್ರಮದಲ್ಲಿ ಗುಳಿಗೆಯ ಸ್ಟ್ರಿಪ್ಪನ್ನು ಒಂದು ಲಕೋಟೆಯೊಳಗೆ ಕೂಡಿಸಲಾಯಿತು. ಗುಳಿಗೆಯನ್ನು ಒತ್ತಿ ಹೊರತೆಗೆದಾಗ ಅದರ ಹಿಂದೆ ಅಡಗಿದ್ದ ಫೋನ್ ಸಂಖ್ಯೆ ಕಾಣುತ್ತದೆ. ಯಾವ ಗುಳಿಗೆಯ ಹಿಂದೆ ಯಾವ ಸಂಖ್ಯೆ ಎಂದು ಮೊದಲೇ ಊಹಿಸಲಾಗದು. ಆ ಸಂಖ್ಯೆಗೆ ಕಾಸಿಲ್ಲದೆ ಒಂದು ಕರೆ ಮಾಡಿದರೆ ಆ ದಿನದ ಔಷಧಿ ತೆಗೆದುಕೊಂಡಂತೆ ದಾಖಲಾಗುತ್ತದೆ. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ. ಬಡವರ ಕೈಯಲ್ಲಿರುವ ಫೋನನ್ನೇ ನಂಬಿದ ಈ ಜಾಣ್ಮೆಗೆ ಇಂದಿಗೂ ಮೆಚ್ಚುಗೆ ಸಲ್ಲಬೇಕು.

ಆದರೆ ಚೆನ್ನೈ, ವೆಲ್ಲೂರು ಮತ್ತು ಮುಂಬಯಿಗಳಲ್ಲಿ ಸಂಶೋಧಕರು ಮುನ್ಸೂಚನೆಯಿಲ್ಲದೆ ರೋಗಿಗಳ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿದಾಗ, ಕರೆಯ ದಾಖಲೆಗೂ ದೇಹದಲ್ಲಿದ್ದ ಔಷಧಿಗೂ ಹಲವು ಕಡೆ ತಾಳೆಯಾಗಲಿಲ್ಲ. ಗುಳಿಗೆ ನುಂಗಿಯೂ ಕರೆ ಮಾಡದವರಿದ್ದರು. ಸಿಗ್ನಲ್ ಸಿಗದಿರುವುದು, ಸ್ವಂತ ಫೋನ್ ಇಲ್ಲದಿರುವುದು, ತಿಂಗಳುಗಟ್ಟಲೆ ದಿನವೂ ಕರೆ ಮಾಡುವ ಬೇಸರ ಎಲ್ಲವೂ ಕಾರಣಗಳಾಗಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಹೊಂದಿರುವ ಮಹಿಳೆಯರು ದೇಶದಲ್ಲಿ ಸುಮಾರು ಶೇ 54ರಷ್ಟು ಮಾತ್ರ ಎಂಬುದನ್ನು ಇಲ್ಲಿ ನೆನೆಯಬೇಕು. ಕರೆ ಮಾಡದ ರೋಗಿ ಪರದೆಯ ಮೇಲೆ ಔಷಧಿ ಬಿಟ್ಟವನಾಗಿ ಕಾಣುತ್ತಾನೆ, ಅವನ ಬೆನ್ನು ಹತ್ತುವ ಕೆಲಸ ಮತ್ತೆ ಕಾರ್ಯಕರ್ತರ ಪಾಲಿಗೇ ಬರುತ್ತದೆ.

ಇದೇ ಸಾಧನ ಉಗಾಂಡಾಕ್ಕೆ ಹೋದಾಗ, ಅಲ್ಲಿನ ರೋಗಿಗಳು ಮತ್ತು ಆರೋಗ್ಯ ಕಾರ್ಯಕರ್ತರ ಜೊತೆ ಕೂತು ಲಕೋಟೆಯನ್ನೇ ಹೊಸದಾಗಿ ರೂಪಿಸಿದರು. ಕರೆ ಮಾಡಿದವರಿಗೆ ಸ್ಥಳೀಯ ಭಾಷೆಯಲ್ಲಿ ಧೈರ್ಯ ತುಂಬುವ ಧ್ವನಿ ಸಂದೇಶ ಕೇಳುವಂತೆ ಮಾಡಿದರು. ಇದರಿಂದ ಎಲ್ಲವೂ ಸರಿಹೋಯಿತೆಂದಲ್ಲ. ಪ್ರಯೋಗದ ಅವಧಿಯಲ್ಲಿ ಗಣನೀಯ ಸಂಖ್ಯೆಯ ರೋಗಿಗಳು ಈ ವ್ಯವಸ್ಥೆಗೆ ಸೇರಲೇ ಇಲ್ಲ. ಆದರೂ ಕರೆಯ ಆ ತುದಿಯಲ್ಲಿ ರೋಗಿಗೆ ಏನು ಸಿಗಬೇಕು ಎಂಬ ಪ್ರಶ್ನೆಯನ್ನು ಅವರು ರೋಗಿಯನ್ನೇ ಕೇಳಿದ್ದರು.

2021ರಲ್ಲಿ ಅವಸರವೇ ಮೇಲುಗೈ ಪಡೆಯಿತು. ಕೋವಿಡ್ ಲಸಿಕೆಗೆ ಕೋವಿನ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯವಾದಾಗ ಡಿಜಿಟಲ್ ಕಂದಕದ ಬಗ್ಗೆ ಸುಪ್ರೀಂ ಕೋರ್ಟೇ ಪ್ರಶ್ನೆ ಎತ್ತಬೇಕಾಯಿತು. ಕನ್ನಡ ಸೇರಿದಂತೆ ಪ್ರಾದೇಶಿಕ ಭಾಷೆಗಳು ಪೋರ್ಟಲ್‌ಗೆ ಬಂದದ್ದು ಆ ಬಳಿಕ. ಅದೇ ವರ್ಷ ಅಂಗನವಾಡಿಯ ಕೆಲಸ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪ್ ಇಂಗ್ಲಿಷಿನಲ್ಲಿದೆ, ಕೊಟ್ಟ ಫೋನುಗಳು ಕೆಲಸಕ್ಕೆ ಬರುತ್ತಿಲ್ಲ ಎಂದು ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸಾಮೂಹಿಕವಾಗಿ ಫೋನುಗಳನ್ನು ಮರಳಿಸಿದರು.

ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲಿರುಳು ಧರಣಿ ಕೂತಾಗ ಸುದ್ದಿಯಾದದ್ದು ಗೌರವಧನ. ಪ್ರೋತ್ಸಾಹಧನವನ್ನು ತಾಯಿ ಮಗುವಿನ ಆರೋಗ್ಯ ಸೇವೆ ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ಗೆ ಜೋಡಿಸಿದ್ದರಿಂದ ಮಾಡಿದ ಕೆಲಸದ ದುಡ್ಡೂ ಕೈತಪ್ಪುತ್ತಿದೆ ಎಂಬ ಅವರ ದೂರಿಗೆ ಅಷ್ಟು ಗಮನ ಸಿಗಲಿಲ್ಲ. ತಂತ್ರಾಂಶ ರೂಪಿಸುವ ಸಭೆಯಲ್ಲಿ ಮೊದಲೇ ಕೇಳಿಸಿಕೊಳ್ಳಬೇಕಾಗಿದ್ದ ಮಾತು ಅದು. ಅಂಥ ಸಭೆಗೆ ಅವರನ್ನು ಕರೆಯುವುದಾದರೆ ಆ ದಿನದ ಸಂಭಾವನೆ ಕೊಟ್ಟೇ ಕರೆಯಬೇಕು, ಮತ್ತು ಪೋರ್ಟಲ್‌ನಲ್ಲಿ ಯಾವ ಕಾಲಂ ಇರಬೇಕು, ಯಾವುದನ್ನು ತೆಗೆಯಬೇಕು ಎಂಬುದು ಇನ್ನೂ ತೀರ್ಮಾನವಾಗದಿರುವಾಗಲೇ ಕರೆಯಬೇಕು.